ಬೊಂಬಾಯಿ ಅಕ್ಕ ಕಂಡ ಅಮೆರಿಕ

ಅವಳ ಬೆರಳ ತುದಿಗಳು ನುಣ್ಣಗಿದ್ದವು. ಮೀನಿಗೆ ಉಪ್ಪು ತಿಕ್ಕಿ ತಿಕ್ಕಿ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು. ಸೆರಗಿಗೆ ಒರೆಸಿ, ಬಾಯಿಯ ಹಬೆ ಕೊಟ್ಟು, ಮತ್ತೆ ಒತ್ತುವಳು. ಮತ್ತೆ ಕೆಂಪು. "ನಾನ್ ಇಲ್ಲೇ ನಿಂತ್ಕಂಡಿದ್ದೆ ಅಲ್ದಾ? ಇದ್ಕೆ ಕಣ್ ಕಾಂತಿಲ್ಯಾ?" ಎಂದು ಅಂಗಡಿಯವನನ್ನು ಬಿಟ್ಟು ಯಂತ್ರವನ್ನೇ ಕೇಳುವಳು.

ಗಂಗೊಳ್ಳಿಯ ನಮ್ಮ ಕೇರಿಯವರಿಗೆಲ್ಲ ಅವಳು ಬೊಂಬಾಯಿ ಅಕ್ಕ. ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರು. ಅಣ್ಣ ಬೊಂಬಾಯಿಯ ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕಿದ್ದ. ಅವನ ಖೋಲಿಯಲ್ಲಿ ಅವನಿಗೆ ಗಂಜಿ ಬೇಯಿಸಿಕೊಂಡೇ ಅವಳು ದೊಡ್ಡವಳಾದಳು. ಆಮೇಲೆ ಅಣ್ಣ ಹಡಗಿನ ಅಡುಗೆಮನೆ ಸೇರಿದ. ಅಲ್ಲಿಂದ ಹೇಗೋ ಅಮೆರಿಕದಲ್ಲಿ ನೆಲೆ ನಿಂತು, ಅಲ್ಲಿಯ ಪ್ರಜೆಯೂ ಆದ. ಅಕ್ಕ ಮದುವೆಯಾಗಿ ಗಂಗೊಳ್ಳಿಗೆ ಬಂದಳು. ಮಕ್ಕಳಾಗಲಿಲ್ಲ. ದೋಣಿಗೆ ಹೋಗುತ್ತಿದ್ದ ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಮನೆಯ ಹಿಂದಿನ ಹಿತ್ತಿಲಲ್ಲಿ ಒಣಮೀನಿನ ವ್ಯಾಪಾರ ಶುರುಮಾಡಿದಳು. ಲಾರಿಯವರ ಹತ್ತಿರ ಬೊಂಬಾಯಿ ಹಿಂದಿಯಲ್ಲೇ ಜಗಳಾಡುತ್ತಿದ್ದಳು. ಚಹಾಕ್ಕೆ ಹಾಲು ಹಾಕುತ್ತಿರಲಿಲ್ಲ. ಯಾವ ಮಾತಿನ ಕೊನೆಗೂ "ಆಯ್ತ್, ಮುಂದೆ ಕಾಂಬ" ಎನ್ನುವುದು ಅವಳ ರೂಢಿ. ಮೀನು ಕೊಳೆತರೂ ಅದೇ, ವ್ಯಾಪಾರ ಕುದುರಿದರೂ ಅದೇ.

ನನ್ನ ಮನೆ ಅವಳ ಮನೆಗೆ ತಾಗಿಕೊಂಡೇ ಇತ್ತು. ನನ್ನ ಮದುವೆ ಮುರಿದು ನಾನು ಊರಿಗೆ ಮರಳಿದಾಗ ಅಮ್ಮ ನನ್ನ ಹತ್ತಿರ ಮಾತು ಬಿಟ್ಟಳು. ಒಂದೇ ಮನೆಯಲ್ಲಿ ಉಂಡು ಮಲಗುತ್ತಿದ್ದೆವು, ಒಂದು ಶಬ್ದ ಇರುತ್ತಿರಲಿಲ್ಲ. ನಾನು ಹಿತ್ತಿಲಿನ ಬಾಗಿಲಲ್ಲಿ ಕೂತು ಎದುರಿಗೆ ನೋಡುತ್ತಿದ್ದೆ. ಏನು ನೋಡುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಬೇಲಿಯ ಆಚೆಯಿಂದ ಕೂಗಿದಳು.

"ಹ್ವಾಯ್, ಸುಮ್ನೆ ಕೂಕಂಡ್ ಎಂತ ಮಾಡ್ತೆ? ಬಾ, ಮೀನ್ ತಿರ್ಗ್ಸ್."

ಹೋದೆ. ಚಾಪೆಯ ಮೇಲೆ ಹರಡಿದ್ದ ಮೀನನ್ನು ಒಂದೊಂದಾಗಿ ಮಗುಚಿ ಹಾಕಿದೆ. ಅವಳು ಗಂಡನ ಬಗ್ಗೆ ಕೇಳಲಿಲ್ಲ, ಅತ್ತೆಮನೆಯ ಬಗ್ಗೆ ಕೇಳಲಿಲ್ಲ. ಮಧ್ಯಾಹ್ನ ತನ್ನ ಬಟ್ಟಲಿನ ಪಕ್ಕದಲ್ಲಿ ಇನ್ನೊಂದು ಬಟ್ಟಲು ಇಟ್ಟಳು. ಮರುದಿನವೂ ಇಟ್ಟಳು. ಕುಂದಾಪುರದ ಕಾಲೇಜಿನ ಗ್ರಂಥಾಲಯದಲ್ಲಿ ನನಗೆ ಕೆಲಸ ಸಿಗುವವರೆಗೂ ಆ ಬಟ್ಟಲು ಅಲ್ಲೇ ಇತ್ತು. ಅಮ್ಮ ಮತ್ತೆ ಮಾತಾಡಲು ಶುರುಮಾಡಿದ್ದು ಎಷ್ಟೋ ಕಾಲದ ಮೇಲೆ. ಅಷ್ಟರೊಳಗೆ ನನಗೆ ಅಕ್ಕನನ್ನು ತಾಯಿಯನ್ನು ಕರೆದ ಹಾಗೆ ಏಕವಚನದಲ್ಲಿ ಕರೆಯುವುದು ರೂಢಿಯಾಗಿತ್ತು.

ಅಣ್ಣ ತಂಗಿಗಾಗಿ ಅಮೆರಿಕ ಸರಕಾರಕ್ಕೆ ಅರ್ಜಿ ಹಾಕಿದ್ದು ನಾನು ಪ್ರೌಢಶಾಲೆಯಲ್ಲಿದ್ದಾಗ. ಅಣ್ಣತಂಗಿಯರ ಸರದಿ ಬರಲು ವರ್ಷಗಟ್ಟಲೆ ಹಿಡಿಯುತ್ತದಂತೆ. ಕೇರಿಯವರೆಲ್ಲ ಮರೆತುಬಿಟ್ಟಿದ್ದರು. ಅಕ್ಕನಿಗೂ ಅದು ನೆನಪಾಗುತ್ತಿದ್ದುದು ಅಣ್ಣನ ಫೋನು ಬಂದಾಗ ಮಾತ್ರ. ಕೊನೆಗೆ ಸರದಿ ಬಂದಾಗ ಅಣ್ಣನ ಎರಡೂ ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್ ನಡೆಯುತ್ತಿತ್ತು. "ನಿನ್ನ ಕೈಯ ಗಂಜಿ ಉಣ್ಕ್ ಮಾರಾಯ್ತಿ" ಎಂದು ಫೋನಿನಲ್ಲಿ ಹೇಳುತ್ತಿದ್ದ. ಅಕ್ಕನಿಗೆ ಅಮೆರಿಕ ಬೇಕಿರಲಿಲ್ಲ. ಆದರೂ ಹಿತ್ತಿಲಿನ ಚಾಪೆಗಳನ್ನು ಸುತ್ತಿಟ್ಟಳು.

ಕಾಗದಪತ್ರದ ಕೆಲಸ ನನ್ನ ಪಾಲಿಗೆ ಬಂತು. ವೀಸಾದ ಸಂದರ್ಶನಕ್ಕೆ ಮುಂಬೈಗೆ ರೈಲಿನಲ್ಲಿ ಹೋದೆವು. ಅಲ್ಲಿಯೂ ಬೆರಳಚ್ಚಿನ ಯಂತ್ರ ಅವಳ ಕೈಯನ್ನು ಗುರುತಿಸಲಿಲ್ಲ. ಒದ್ದೆ ಕಾಗದದಲ್ಲಿ ಒರೆಸಿ, ಒತ್ತಿ ಹಿಡಿದು, ಮತ್ತೆ ಮತ್ತೆ ಮಾಡಿಸಿದರಂತೆ. ಹೊರಗೆ ಕಾಯುತ್ತಿದ್ದ ನನ್ನ ಹತ್ತಿರ ಬಂದು, "ಕಡೀಗೆ ತಕಂತ್ ಮಗಾ, ಯಂತ್ರಕ್ಕೂ ಬೇಜಾರ್ ಬಂತ್ ಕಾಣತ್" ಎಂದಳು. ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿಸಿ ಕಳಿಸಿದರು. ವೈದ್ಯಕೀಯ ತಪಾಸಣೆಯ ಲೆಕ್ಕದಲ್ಲಿ ಅದಕ್ಕೆ ಆರು ತಿಂಗಳ ಆಯುಷ್ಯ. ಅದರೊಳಗೆ ಅಮೆರಿಕದ ನೆಲ ಮುಟ್ಟಬೇಕು, ಇಲ್ಲದಿದ್ದರೆ ಇಷ್ಟು ವರ್ಷ ಕಾದದ್ದೆಲ್ಲ ನೀರಿಗೆ.

ಟಿಕೆಟ್ ಆಯಿತು. ಹೊರಡುವ ಮುಂಚಿನ ವಾರ ಅಕ್ಕ ಹಟ್ಟಿಯಂಗಡಿಯ ಗಣಪತಿಗೆ ಹಣ್ಣುಕಾಯಿ ಮಾಡಿಸಲು ಹೋದಳು. ಪಾಸ್‌ಪೋರ್ಟನ್ನೂ ದೇವರ ಕಣ್ಣಿಗೆ ಬೀಳಲಿ ಎಂದು ತೆಗೆದುಕೊಂಡು ಹೋಗಿದ್ದಳು. ಬರುವಾಗ ಬಸ್ಸಿನಲ್ಲಿ ನೂಕುನುಗ್ಗಲು. ಕಾಯಿಯ ಹೋಳು, ಕುಂಕುಮ, ಒದ್ದೆ ಹೂವು ಎಲ್ಲ ಒಂದೇ ಚೀಲದಲ್ಲಿ, ಪಾಸ್‌ಪೋರ್ಟಿನ ಮೇಲೆ. ಮನೆಗೆ ಬಂದು ತೆಗೆದಾಗ ವೀಸಾದ ಹಾಳೆ ಕೆಂಪಾಗಿ ಉಬ್ಬಿ ಪಕ್ಕದ ಹಾಳೆಗೆ ಅಂಟಿಕೊಂಡಿತ್ತು. ಬಿಡಿಸಿದರೆ ಅವಳ ಫೋಟೋದ ಅರ್ಧ ಮುಖ ಆಚೆ ಹಾಳೆಗೆ ಹೋಯಿತು.

ಕುಂದಾಪುರದ ಟ್ರಾವೆಲ್ಸಿನವರು ಅದನ್ನು ನೋಡಿ ತಲೆಯಾಡಿಸಿದರು. "ಇದ್ರಗೆ ವಿಮಾನ ಹತ್ತುಕೆ ಬಿಡ್ತಿಲ್ಲೆ ಅಮ್ಮ." ಟಿಕೆಟ್ ರದ್ದಾಯಿತು. ಮೊದಲು ಹೊಸ ಪಾಸ್‌ಪೋರ್ಟು, ಅದಕ್ಕೆ ಪೊಲೀಸರ ವಿಚಾರಣೆ. ಆಮೇಲೆ ಅದರಲ್ಲಿ ಹೊಸದಾಗಿ ವೀಸಾ ಹಾಕಿಸಲು ಮುಂಬೈಗೆ ಕಳಿಸಿ ಕಾಯಬೇಕು. ಹಾಕಿಕೊಟ್ಟರೂ ಕೊನೆಯ ತಾರೀಖು ಹಳೆಯದೇ. ಅಕ್ಕ ಚೀಲದಲ್ಲಿದ್ದ ಆ ಹೂವನ್ನು ಬಾವಿಕಟ್ಟೆಯ ಹತ್ತಿರ ತುಳಸಿಯ ಬುಡಕ್ಕೆ ಹಾಕಿದಳು. "ಹೂಗ್ ಎಂತ ಗೊತ್ತಿತ್ತ್, ಪಾಪ" ಎಂದಳು. ಆವತ್ತು "ಮುಂದೆ ಕಾಂಬ" ಎನ್ನಲಿಲ್ಲ.

ಮಳೆ ಹಿಡಿಯಿತು. ಬಂದರಿನಲ್ಲಿ ದೋಣಿಗಳನ್ನು ಮೇಲಕ್ಕೆ ಎಳೆದರು. ಅಂಚೆಯವನು ಕೇರಿಗೆ ಬಂದಾಗಲೆಲ್ಲ ಅಕ್ಕ ಜಗಲಿಗೆ ಬರುತ್ತಿದ್ದಳು. ಹೊಸ ವೀಸಾ ಬಂತು. ಉಳಿದ ಸಮಯ ಸ್ವಲ್ಪವೇ ಇತ್ತು. ಮತ್ತೆ ಟಿಕೆಟ್ ಮಾಡಿಸಿದೆವು. ಆ ವಾರವೇ ಅಣ್ಣ ತೀರಿಕೊಂಡ.

ಫೋನು ಮಾಡಿದ್ದು ಅಣ್ಣನ ಮಗ. ನಾನು ಪಕ್ಕದಲ್ಲೇ ಇದ್ದೆ. ಅಕ್ಕ "ಹ್ಞೂಂ" ಎಂದಳು. ಇನ್ನೊಮ್ಮೆ "ಹ್ಞೂಂ" ಎಂದಳು. ಫೋನಿಟ್ಟು ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡಳು. ಮಳೆಯೂ ಹೊಯ್ಯುತ್ತಿತ್ತು. ಅಳಲಿಲ್ಲ. ಮಾತಾಡಿಸಲು ಬಂದ ಕೇರಿಯ ಹೆಂಗಸರಿಗೆ ವಿಷಯ ಹೇಳಿದ್ದು ನಾನೇ. ಅವಳ ಬಾಯಿಂದ ಆ ಮಾತು ಬರಲಿಲ್ಲ.

ಗ್ರಂಥಾಲಯಕ್ಕೆ ಬರುತ್ತಿದ್ದ ಒಬ್ಬರ ಪರಿಚಯದಿಂದ ಉಡುಪಿಯ ವಕೀಲರೊಬ್ಬರನ್ನು ಕೇಳಿದೆ. ಅವರು ನಿಧಾನವಾಗಿ ಹೇಳಿದರು: "ಅರ್ಜಿ ಹಾಕಿದವರು ತೀರಿಕೊಂಡರೆ ಆ ಅರ್ಜಿಯೂ ಅವರೊಟ್ಟಿಗೇ ಹೋಯಿತು. ಪಾಸ್‌ಪೋರ್ಟಿನಲ್ಲಿ ವೀಸಾ ಕಾಣುತ್ತದೆ, ಬೆಲೆ ಇಲ್ಲ. ದಯೆ ತೋರಿಸಿ ಎಂದು ಕೇಳಿಕೊಳ್ಳುವ ದಾರಿ ಒಂದಿದೆ. ಕೊಡುತ್ತಾರೆ ಎಂದು ಹೇಳಲಾಗದು." ಅಣ್ಣನ ಮಗ ಅಕ್ಕನಿಗೆ ಫೋನಿನಲ್ಲಿ ಬೇರೆಯೇ ಹೇಳಿದ. "ಅತ್ತೆ, ಅಪ್ಪಯ್ಯ ತೀರ್ಕಂಡದ್ ಇಲ್ಲಿಯ ಏರ್‌ಪೋರ್ಟಿನವ್ರಿಗೆಲ್ಲ ಗೊತ್ತಾತಿಲ್ಲೆ. ತಾರೀಖ್ ಮುಗೂದ್ರೊಳ್ಗ್ ಬಂದ್‌ಬಿಡ್. ಕೇಂಡ್ರೆ, ಅಣ್ಣನ ಮನಿಗ್ ಬಂದೆ ಅಂದ್ರಾಯ್ತ್. ಅಪ್ಪಯ್ಯನ ಬೂದಿ ನೀನ್ ಬಪ್ಪಲ್ಲಿವರಿಗೆ ಇಟ್ಕಂಡಿರ್ತೆ."

ವಕೀಲರ ಮಾತನ್ನೂ ಅವಳ ಮುಂದೆ ಇಟ್ಟೆ. ಅವಳು ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು.

"ಹೋತ್ಯಾ?" ಎಂದೆ.

"ಹೋತೆ."

"ಅಲ್ಲಿ ಕೇಂಡ್ರೆ?"

"ಕೇಂಡ್ರೆ ಹೇಳ್ತೆ. ಕೇಣದಿದ್ರೆ ಅವನ್ ಬೂದಿ ಕಂಡ್ಕಂಡ್ ಬತ್ತೆ."

ಮಂಗಳೂರಿನ ವಿಮಾನ ನಿಲ್ದಾಣದವರೆಗೆ ನಾನು ಹೋದೆ. ದಾರಿಯುದ್ದಕ್ಕೂ ಮಳೆ. ಬ್ರಹ್ಮಾವರ ದಾಟಿದ ಮೇಲೆ ಅವಳು ನಿದ್ದೆ ಮಾಡಿದಳು. ಬಾಗಿಲಲ್ಲಿ ಪಾಸ್‌ಪೋರ್ಟನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ತೋರಿಸಿ ಒಳಗೆ ಹೋದಳು. ತಿರುಗಿ ನೋಡಲಿಲ್ಲ. ನಾನು ವಾಪಸ್ ಬಂದು ಮಾರನೆಯ ದಿನ ಕೆಲಸಕ್ಕೆ ಹೋದೆ. ಪುಸ್ತಕಗಳಿಗೆ ಸಂಖ್ಯೆ ಬರೆದ ಚೀಟಿ ಅಂಟಿಸುವುದಿತ್ತು, ಅಂಟಿಸಿದೆ.

ವಾರ ತುಂಬುವ ಮೊದಲೇ ಅಕ್ಕ ಬೇಲಿಯ ಆಚೆ ಬಟ್ಟೆ ಒಣಹಾಕುತ್ತಿದ್ದಳು. ನಾನು ಕೊಡೆ ಮಡಚಿಕೊಂಡು ಕೆಲಸದಿಂದ ಬರುತ್ತಿದ್ದವಳು ಹಾಗೇ ನಿಂತೆ.

"ಯಾವಾಗ್ ಬಂದೆ?"

"ಬೆಳಿಗ್ಗೆ. ಚಾ ಕುಡಿತ್ಯಾ?"

ಒಲೆಯ ಮುಂದೆ ಕೂತು ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ನೆನಪಿಟ್ಟುಕೊಂಡಿದ್ದೇನೆ.

"ಅಮೆರಿಕದಗೆ ವಿಮಾನ ಇಳ್ದದ್ದೇ ದೊಡ್ಡ ಸಾಲ್. ನನ್ ಸರ್ದಿ ಬಂತ್. ಪಾಸ್‌ಪೋರ್ಟ್ ಕಾಂಬುಕೆ ಕೂತವ್ಳ್ ಒಂದ್ ಹೆಂಗ್ಸ್. ಭಾಷೆ ತಿಳಿಯದ್ದಕ್ಕೆ ಫೋನ್ ಹಚ್ಚಿ ಇನ್ನೊಬ್ಳ್ ಹತ್ರ ಹಿಂದಿಯಗೆ ಕೇಣ್ಸಿದ್ಲ್. ನಿಮ್ಮಣ್ಣ ಕರ್ಕಂಡ್ ಹೋಪುಕೆ ಹೊರ್ಗ್ ಬಂದಿದ್ರಾ ಅಂದೇಳಿ. ನಾನ್ ಹೇಳ್ದೆ, ಅಣ್ಣ ಇಲ್ಲೆ, ಸತ್ತ್ ಹೋದ. ಫೋನಿನವ್ಳ್ ಮತ್ತೊಂದ್ ಸಲ ಕೇಂಡ್ಲ್. ಮತ್ತೊಂದ್ ಸಲ ಹೇಳ್ದೆ."

"ಆಮೇಲೆ?"

"ಒಂದ್ ಕೋಣೆಗ್ ಕೂರ್ಸಿದ್ರ್. ಚಳಿ. ಆ ಹೆಂಗ್ಸೇ ಒಂದ್ ಕಂಬಳಿ ತಂದ್ ಕೊಟ್ಲ್. ಒಳ್ಳೆಯವ್ಳ್. ಅಣ್ಣನ ಹುಡ್ಗನ್ ಹತ್ರ ಫೋನಗೆ ಮಾತಾಡ್ಸಿದ್ಲ್. ಅವ ಆ ಗೋಡೆಯ ಆಚೆಗೇ ನಿಂತಿದ್ದ ಅಂಬ್ರ್. ಅಳ್ತಿದ್ದ. ಯಾಕ್ ಹೇಳ್ದೆ ಅತ್ತೆ, ಯಾಕ್ ಹೇಳ್ದೆ ಅಂದ. ಕಿಟ್ಕಿಯಗೆ ವಿಮಾನ ಕಾಂತಿತ್ತ್. ಅಷ್ಟೇ, ಮತ್ತೊಂದ್ ವಿಮಾನಕ್ಕೆ ಹತ್ಸಿ ಕಳ್ಸಿದ್ರ್."

ಅವಳು ಸೌದೆ ಮುಂದಕ್ಕೆ ತಳ್ಳಿದಳು.

"ಸತ್ತವ್ನನ್ನ ಬದ್ಕಿದ್ದ ಅಂದೇಳಿ ಒಳ್ಗ್ ಹೋಪುದ್ ಹ್ಯಾಂಗ್ ಮಗಾ? ಅವ ಸತ್ತ್ ಹೋದ ಅಂಬುದನ್ನ ನಾನ್ ಯಾರ್ ಹತ್ರವೂ ಹೇಳಿರ್ಲಿಲ್ಲೆ. ಇಲ್ಲಿ ಬಾಯ್ ಬರ್ಲಿಲ್ಲೆ. ಅಲ್ಲೇ ಮೊದ್ಲ್ ಹೇಳಿದ್ದ್."

ಆಗಲೂ ಅವಳು ಅಳಲಿಲ್ಲ. ನನಗೂ ಅಳು ಬರಲಿಲ್ಲ. ಒಲೆ ಉರಿಯುತ್ತಿತ್ತು, ನಾವಿಬ್ಬರೂ ಅದನ್ನೇ ನೋಡುತ್ತಿದ್ದೆವು. ವೀಸಾದ ಕೊನೆಯ ತಾರೀಖು ಯಾವಾಗ ದಾಟಿಹೋಯಿತೋ ಇಬ್ಬರಿಗೂ ನೆನಪಿರಲಿಲ್ಲ.

ಕೇರಿಯಲ್ಲಿ ನಕ್ಕವರಿದ್ದರು. ಅಮೆರಿಕದ ಬಾಗಿಲಿನವರೆಗೆ ಹೋಗಿ ಬಾಯಿ ಸುಮ್ಮನಿಡಲಾರದೆ ಬಂದವಳು ಎಂದರು. ಅಕ್ಕನ ಕಿವಿಗೂ ಬಿತ್ತು. ಮಳೆ ಕಳೆದ ಮೇಲೆ ಚಾಪೆಗಳನ್ನು ಬಿಚ್ಚಿ ಮತ್ತೆ ಮೀನು ಹರಡಿದಳು. ಆ ವರ್ಷ ಚಳಿಗಾಲದಲ್ಲಿ ಅಣ್ಣನ ಮಗನೇ ಬೂದಿ ಹಿಡಿದುಕೊಂಡು ಬಂದ. ಸಣ್ಣ ದೋಣಿಯಲ್ಲಿ ಅಳಿವೆಯವರೆಗೆ ಹೋದೆವು. ಹೊಳೆ ಕಡಲನ್ನು ಕೂಡುವ ಕಡೆ ಅಲೆ ದೋಣಿಯನ್ನು ಎತ್ತಿ ಹಾಕುತ್ತಿತ್ತು. ಅಕ್ಕ ಮಡಕೆಯನ್ನು ಮಡಿಲಲ್ಲಿ ಗಟ್ಟಿಯಾಗಿ ಅಪ್ಪಿಕೊಂಡು ಕೂತಿದ್ದಳು. ಬಿಡುವ ಹೊತ್ತಿಗೆ ಕೈ ಬಿಡಲಿಲ್ಲ. ಹುಡುಗ ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಬೇಕಾಯಿತು. "ಗಂಜಿ ಉಂಬುಕೆ ಬಂದ ಕಾಣ್" ಎಂದಳು ನನ್ನ ಕಡೆ ತಿರುಗಿ. ಅಷ್ಟೇ.

ಕಳೆದ ವರ್ಷ ಅವಳಿಗೆ ಎದೆನೋವು ಬಂತು. ಕುಂದಾಪುರದ ಆಸ್ಪತ್ರೆಯಲ್ಲಿ ತೀವ್ರ ನಿಗಾದ ಕೋಣೆಗೆ ಹಾಕಿದರು. ಬಾಗಿಲಲ್ಲಿ ಕೂತಿದ್ದ ಕಾವಲಿನವ ಎಲ್ಲರನ್ನೂ ಒಳಗೆ ಬಿಡುತ್ತಿರಲಿಲ್ಲ.

"ಮನೆಯವ್ರ್ ಮಾತ್ರ. ಅವ್ರ್ ನಿಮ್ಗ್ ಎಂತ ಆಯ್ಕ್?"

ನನ್ನ ಅಮ್ಮ ಅದೇ ಬಾಗಿಲಿನ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ನಾನು ಅವಳ ಮುಖ ನೋಡಿದೆ. ಅಮ್ಮ ನೆಲ ನೋಡಿದಳು.

"ನಾನ್ ಮಗಳ್" ಎಂದೆ.

ಒಳಗೆ ತಣ್ಣಗಿತ್ತು. ಅಕ್ಕನ ಮೂಗಿಗೆ ಕೊಳವೆ ಹಾಕಿದ್ದರು. ನಾನು ಕೈ ಮುಟ್ಟಿದಾಗ ಕಣ್ಣು ತೆರೆದಳು.

"ಬಿಟ್ರಾ ನಿನ್ನ?"

"ಬಿಟ್ರ್."

"ಎಂತ ಹೇಳ್ದೆ?"

"ಮಗಳ್ ಅಂದೆ."

"ಹೌದಲ್ದಾ ಮತ್ತೆ" ಎಂದು ಕಣ್ಣು ಮುಚ್ಚಿದಳು.

ಮರುದಿನ ಬೆಳಿಗ್ಗೆ ಅವಳು ಹೋದಳು. ಸುಡುಗಾಡಿನಲ್ಲಿ ಬೆಂಕಿ ಕೊಡುವವರು ಯಾರು ಎಂದು ಕೇರಿಯ ಹಿರಿಯರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ನಾನು ಮುಂದೆ ಹೋಗಿ ಕೊಳ್ಳಿಗೆ ಕೈ ಚಾಚಿದೆ. ಯಾರೂ ಬೇಡ ಎನ್ನಲಿಲ್ಲ.