ಆಯುಧ ಪೂಜೆಯ ರಾತ್ರಿ ಓಡಿದ ಕಾಪಿ

ಇದನ್ನು ಓದಿ ನಗುವವರು ನಗಬಹುದು. ಇಂಥ ಕಥೆಗಳನ್ನು ಕೇಳಿ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕವಳೇ. ದೆವ್ವ, ಗಾಳಿ, ಮೋಹಿನಿ... ಯಾವುದಕ್ಕೂ ಕ್ಯಾರೇ ಅಂದವಳಲ್ಲ. ನಾನು ನಂಬಿದ್ದು ಯಂತ್ರವನ್ನು ಮಾತ್ರ. ಆ ರಾತ್ರಿ ನನ್ನನ್ನು ಹೆದರಿಸಿದ್ದೂ ಯಂತ್ರವೇ. ನಾನು ನಿದ್ದೆಗಣ್ಣಿನಲ್ಲಿರಲಿಲ್ಲ, ಜ್ವರವೂ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ನಾನು ತುಮಕೂರಿನ ಕಡೆಯವಳು. ಕೊಯಮತ್ತೂರಿನ ಕುರಿಚಿಯಲ್ಲಿ ಪಂಪುಗಳ ಎರಕ ಹೊಯ್ಯುವ ಒಂದು ಕಂಪನಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಕಂಪನಿಯ ನಕ್ಷೆ, ಆರ್ಡರು, ಲೆಕ್ಕಪತ್ರ ಎಲ್ಲವೂ ಇರುವುದು ಒಂದು ದೊಡ್ಡ ಸ್ಟೋರೇಜ್ ಯಂತ್ರದಲ್ಲಿ. ನೋಡಲು ಬಟ್ಟೆ ಇಡುವ ಬೀರುವಿನ ಹಾಗಿರುವುದರಿಂದ ನಾವೆಲ್ಲ ಅದನ್ನು ಬೀರು ಎಂದೇ ಕರೆಯುತ್ತೇವೆ. ಅಂಥದೇ ಇನ್ನೊಂದು ಬೀರು ಎರಡು ಗಂಟೆ ದಾರಿಯಾಚೆಯ ಧಾರಾಪುರದಲ್ಲಿ, ಕಂಪನಿಯ ಮುಚ್ಚಿಹೋದ ಹತ್ತಿ ಮಿಲ್ಲಿನ ಒಂದು ಕೋಣೆಯಲ್ಲಿದೆ. ಪ್ರತಿ ರಾತ್ರಿ ಒಂದು ಗಂಟೆಗೆ, ನಾನು ಹಾಕಿಟ್ಟ ಷೆಡ್ಯೂಲ್ ಪ್ರಕಾರ, ಇಲ್ಲಿ ಬದಲಾದದ್ದೆಲ್ಲ ಅಲ್ಲಿಗೆ ಕಾಪಿಯಾಗುತ್ತದೆ.

ಇಲ್ಲಿರುವುದು ಮೂಲ, ಅಲ್ಲಿರುವುದು ನಕಲು. ಮೂಲ ಬಿದ್ದ ದಿನ ನಕಲು ಎದ್ದು ಅದರ ಕೆಲಸ ಮಾಡಬೇಕು. ಅಲ್ಲಿಯವರೆಗೆ ಅದು ಕತ್ತಲಲ್ಲಿ ಸುಮ್ಮನೆ ಕೂತಿರುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಧಾರಾಪುರದ ಕೋಣೆಯ ಬೀಗದ ಕೈ ಇರುವುದು ಅಲ್ಲಿಯ ಕಾವಲು ನೋಡಿಕೊಳ್ಳುವ ದೇವರಾಜಣ್ಣನ ಹತ್ತಿರ. ತಲೆತಲಾಂತರದಿಂದ ಅಮರಾವತಿ ನದಿಯ ದಡದಲ್ಲಿ ಬೇಸಾಯ ಮಾಡಿಕೊಂಡು ಬಂದ ಕನ್ನಡದ ಮನೆಯವರು. ಕನ್ನಡ ಓದಲು ಬಾರದು. ಮನೆಮಾತು ಮಾತ್ರ ಕನ್ನಡವೇ, ಅದೂ ತಮಿಳಿನ ರಾಗದಲ್ಲಿ, ಮಾತಿನ ಕೊನೆಗೆ ಮರ್ಯಾದೆಯ ಒಂದು 'ಉಂಗ' ಸೇರಿಸಿ. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು. ನನ್ನನ್ನು ಕರೆಯುವುದು ಅಲ್ಲಿಯ ರೂಢಿಯಂತೆ "ಅಮ್ಮಣಿ" ಎಂದು.

ಆ ವಾರ ನನ್ನ ಗ್ರಹಚಾರ ಕೆಟ್ಟಿತ್ತು. ಪಲ್ಲಡಂ ಹತ್ತಿರ ರಸ್ತೆ ಅಗೆಯುವವರು ಧಾರಾಪುರಕ್ಕೆ ಹೋಗುವ ನಮ್ಮ ಕೇಬಲ್ ಕತ್ತರಿಸಿ ಹಾಕಿದ್ದರು. ಒಂದು ವಾರ ಕಾಪಿ ಇಲ್ಲ. ಅದರ ಮೇಲೆ ಕುರಿಚಿಯ ಬೀರುವನ್ನು ನಡೆಸುವ ಎರಡು ಕಂಟ್ರೋಲರುಗಳಲ್ಲಿ ಒಂದು ಸುಟ್ಟುಹೋಗಿ, ಅದು ಒಂಟಿ ಕಾಲಿನಲ್ಲಿ ನಿಂತಿತ್ತು. ಹೊಸ ಭಾಗ ಬರುವುದು ಹಬ್ಬ ಕಳೆದ ಮೇಲೆ. ಆ ವಾರವೇ ನಮ್ಮ ಡಿಸೈನಿನವರು ಹೊಸ ಪಂಪಿನ ಎಲ್ಲ ನಕ್ಷೆ ಮುಗಿಸಿದ್ದರು. ತಿಂಗಳುಗಟ್ಟಲೆ ಜನ ಕಣ್ಣು ಕೆಂಪು ಮಾಡಿಕೊಂಡು ದುಡಿದ ಕೆಲಸ. ಇದ್ದದ್ದು ಆ ಕುಂಟ ಬೀರುವಿನಲ್ಲಿ ಮಾತ್ರ. ಆ ಇನ್ನೊಂದು ಕಾಲೂ ಮುರಿದರೆ ಎಲ್ಲವೂ ಹೋಯಿತು, ಜೊತೆಗೆ ನನ್ನ ಕೆಲಸವೂ. ಹೊಸ ಭಾಗ ಬರುವವರೆಗೆ ಒಂದರಲ್ಲೇ ನಡೆಯುತ್ತೆ ಎಂದು ಮ್ಯಾನೇಜರಿಗೆ ಭರವಸೆ ಕೊಟ್ಟವಳು ನಾನೇ ತಾನೆ.

ಆವತ್ತು ಹೋದ ವರ್ಷದ ಆಯುಧ ಪೂಜೆ. ಸಂಜೆ ಫೌಂಡ್ರಿಯವರೆಲ್ಲ ಕುಲುಮೆ ಆರಿಸಿ, ಯಂತ್ರ ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಪುರಿ ಕಡಲೆ ಹಂಚಿ ಮನೆಗೆ ಹೋದರು. ಹೋಗುವಾಗ ಯಾರೋ ನನ್ನ ಬೀರುವಿಗೂ ಗಂಧ ಕುಂಕುಮ ಮೆತ್ತಿದ್ದರು. ಅದೂ ಎಲ್ಲಿ? ಗಾಳಿ ಆಡುವ ಕಿಂಡಿಗಳ ಮೇಲೆ! ಮೊದಲೇ ಕುಂಟುತ್ತಿರುವುದಕ್ಕೆ ಉಸಿರೂ ಕಟ್ಟಿಸುತ್ತಾರಲ್ಲ ಎಂದು ಸಿಟ್ಟು ನೆತ್ತಿಗೇರಿತು. ಮೂರು ಬೆರಳಲ್ಲಿ ಬರಬರನೆ ಒರೆಸಿದೆ. ಬೆಳಿಗ್ಗೆ ತೆಂಗಿನಕಾಯಿ ತುರಿಯುವಾಗ ಕುಯ್ದುಕೊಂಡ ನಡುಬೆರಳಿಗೆ ಬ್ಯಾಂಡೇಜ್ ಪಟ್ಟಿ ಸುತ್ತಿದ್ದೆ. ಕೆಂಪು ಹಳದಿ ಮೂರು ಗೆರೆ ಬಾಗಿಲ ಮೇಲೆ ಉಳಿದವು. ನಡುವಿನ ಗೆರೆಯಲ್ಲಿ ಪಟ್ಟಿಯ ಸಣ್ಣ ಬಲೆಯಂಥ ಗುರುತು ಎದ್ದು ಕಾಣುತ್ತಿತ್ತು.

ಲೈನು ಸರಿಯಾಗುವ ಹೊತ್ತಿಗೆ ಮಧ್ಯರಾತ್ರಿ. ದೇವರಾಜಣ್ಣನಿಗೆ ಸಂಜೆಯಿಂದ ಫೋನ್ ಮಾಡಿದ್ದೆ, ಎತ್ತಿರಲಿಲ್ಲ. ಮನೆಯಲ್ಲಿ ಹಬ್ಬದ ಗಲಾಟೆ ಇರಬೇಕು ಅಂದುಕೊಂಡು ಬಿಟ್ಟೆ. ಷೆಡ್ಯೂಲ್ ಇದ್ದ ಮೇಲೆ ಮನುಷ್ಯರ ಗೊಡವೆ ಯಾಕೆ? ಪರದೆಯ ಮೇಲೆ ಎರಡು ತುದಿಯ ದೀಪವೂ ಹಸಿರಾಗಿತ್ತು. ಕುರಿಚಿ ಹಸಿರು, ಧಾರಾಪುರ ಹಸಿರು.

ಕುರಿಚಿಯಲ್ಲಿ ಅಂಥ ಮೌನವನ್ನು ನಾನು ಕೇಳಿದ್ದು ಆವತ್ತೇ ಮೊದಲು. ದಿನವೂ ರಾತ್ರಿಯಿಡೀ ಗುಂಯ್‌ಗುಡುವ ಕುಲುಮೆಗಳು, ಸುತ್ತಿಗೆಗಳು, ಲೇತುಗಳು... ಒಂದೂ ಉಸಿರೆತ್ತುತ್ತಿರಲಿಲ್ಲ. ಇಡೀ ಕೈಗಾರಿಕಾ ಎಸ್ಟೇಟಿನಲ್ಲಿ ಎಚ್ಚರವಾಗಿದ್ದದ್ದು ನನ್ನ ಬೀರು ಮತ್ತು ನಾನು.

ಒಂದು ಗಂಟೆಗೆ ಸರಿಯಾಗಿ ಕಾಪಿ ಶುರುವಾಯಿತು.

"ಹೋಗಪ್ಪಾ... ಬೇಗ ಬೇಗ ಹೋಗು," ಎಂದು ಪಿಸುಗುಟ್ಟಿದೆ. ನನಗೆ ಅದೊಂದು ಚಾಳಿ. ಹೇಗಾದರೂ ಮಾಡಿ ಎಲ್ಲವೂ ಅಲ್ಲಿ ಮುಟ್ಟಲಿ ಎಂದು ಅಷ್ಟು ಆಸೆಯಿಂದ ನಾನು ದೇವರನ್ನೂ ಯಾವತ್ತೂ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ಒಂದು ವಾಸನೆ ಎದ್ದಿತು. ಕರ್ಪೂರದ್ದಲ್ಲ, ಬೂದುಗುಂಬಳದ್ದಲ್ಲ. ಹಳೇ ಹತ್ತಿ, ತುಕ್ಕು, ಮುಗ್ಗು... ಧಾರಾಪುರದ ಮಿಲ್ಲಿನ ವಾಸನೆ. ಒಂದೆರಡು ಸಲ ಹೋಗಿದ್ದರಿಂದ ನನಗೆ ಚೆನ್ನಾಗಿ ಗೊತ್ತು. ಎಲ್ಲಿಂದ ಬಂತೆಂದು ಕತ್ತು ತಿರುಗಿಸುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ದೇವರಾಜಣ್ಣ.

"ಅಮ್ಮಣಿ... ನೀವು ಎಲ್ಲಿದ್ದೀರೀಂಗ?" ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಕುರಿಚಿಯಲ್ಲಿ ಅಣ್ಣ. ಕಾಪಿ ಓಡ್ತಿದೆ. ಯಾಕೆ?"

"ಅಪ್ಪೋ, ಹಾಂಗಾದ್ರೆ ಒಳಗೆ ಇರೋದು ಯಾರುಂಗ?"

ಅವರ ಮನೆ ಮಿಲ್ಲಿನ ಬೆನ್ನಿಗೇ ಇದೆ. ನಾಯಿ ಒಂದೇ ಸಮನೆ ಕೂಗುತ್ತಿತ್ತೆಂದು ಟಾರ್ಚ್ ಹಿಡಿದು ಬಂದಿದ್ದರಂತೆ. ಕೋಣೆಗೆ ಹೊರಗಿಂದ ಬೀಗ, ಬೀಗದ ಕೈ ಅವರ ಸೊಂಟದಲ್ಲೇ. ಒಳಗೆ ಯಾರೋ ಹೆಂಗಸು ಮೆಲ್ಲಗೆ ಮಾತಾಡುವ ಸದ್ದು.

"ಕನ್ನಡದಾಗೆ ಮಾತಾಡ್ತಿದಾರೆ ಅಮ್ಮಣಿ. 'ಹೋಗಪ್ಪಾ, ಬೇಗ ಬೇಗ ಹೋಗು' ಅಂತ. ನಿಮ್ಮ ಕೊರಲುಂಗ. ಸತ್ಯವಾ ನಿಮ್ಮ ದನಿಯೇ."

ನನ್ನ ಬುದ್ಧಿ ಯಂತ್ರದ ಕಡೆಗೇ ಓಡಿತು. "ಅಣ್ಣ, ಬೀರುವಿನ ದೀಪ ಉರಿತಿದೆಯಾ? ಬಾಗಿಲ ಗಾಜಿನಲ್ಲಿ ನೋಡಿ."

"ಗಾಜಿನಾಗೆ ಬರೀ ಕತ್ತಲು. ದೀಪ ಎಲ್ಲಿಂದ ಬರಬೇಕುಂಗ? ಸಾಯಂಕಾಲವೇ ಮೈನು ಆಫ್ ಮಾಡಿ, ಬ್ಯಾಟರಿನೂ ಕಳಚಿ ಇಟ್ಟೆ. ವರ್ಷಾ ವರ್ಷ ಹಾಂಗೇ, ನೀವು ಹೊಸಬರು, ನಿಮಗೆ ಗೊತ್ತಿರಲಿಲ್ಲೀಂಗ. ಆಯುಧ ಪೂಜೆ ಅಂದ್ರೆ ಮೆಷಿನ್‌ಗೂ ಒಂದು ರಾತ್ರಿ ಲೀವು. ನಾಳೆ ಬೆಳಿಗ್ಗೆ ಸೂಡಂ ಕರ್ಪೂರ ಹಚ್ಚಿ, ಆರತಿ ಎತ್ತಿ ಆನ್ ಮಾಡ್ತೀನಿ."

ನಾನು ಪರದೆ ನೋಡಿದೆ. ಕಾಪಿ ಅರ್ಧ ದಾಟಿತ್ತು. ಒಂದು ಕ್ಷಣವೂ ನಿಲ್ಲದೆ ಹೋಗುತ್ತಲೇ ಇತ್ತು... ಕರೆಂಟೇ ಇಲ್ಲದ ಯಂತ್ರಕ್ಕೆ.

"ನಿಲ್ಲಿಸಿಬಿಡಿ ಅಮ್ಮಣಿ," ಎಂದರು ದೇವರಾಜಣ್ಣ. "ಎದ್ದು ಓಡಾಡ್ತಿದೆ ಒಳಗೆ. ಕಾಲಿನ ಸದ್ದು ಕೇಳುತ್ತೆ."

ನಿಲ್ಲಿಸುವ ಗುಂಡಿಯ ಮೇಲೆ ಮೌಸಿನ ಬಾಣ ತಂದು ಇಟ್ಟೆ. ಒಂದು ಸಲ ಒತ್ತಿದ್ದರೆ ಮುಗಿಯುತ್ತಿತ್ತು. ಆದರೆ ಕಣ್ಣ ಮುಂದೆ ಆ ನಕ್ಷೆಗಳು, ಅವನ್ನು ಬರೆದವರ ಮುಖಗಳು. ಹೋಗುತ್ತಿರುವುದು ಎಲ್ಲಿಗೋ, ಹೊರುತ್ತಿರುವುದು ಯಾರೋ... ಹೋಗುತ್ತಿದೆಯಲ್ಲ! ನನಗೆ ಹೆದರಿಕೆಗಿಂತ ಆಸೆಯೇ ದೊಡ್ಡದಾಯಿತು. ನಾನು ಒತ್ತಲಿಲ್ಲ.

"ಬಾಗಿಲು ತೆಗೆಯಬೇಡಿ ಅಣ್ಣ. ಫೋನ್ ಮಾತ್ರ ಇಡಬೇಡಿ," ಎಂದೆ.

ಇಬ್ಬರೂ ಕಾದೆವು. ಮಿಲ್ಲಿನ ವಾಸನೆ ಎಷ್ಟು ದಟ್ಟವಾಯಿತೆಂದರೆ ಸೆರಗು ಮೂಗಿಗೆ ಹಿಡಿದುಕೊಂಡೆ. ಕೊನೆಗೆ ಪರದೆಯ ಮೇಲೆ 'ಪೂರ್ತಿಯಾಯಿತು' ಎಂದು ಬಂತು.

"ಸದ್ಯ!" ಎಂದು ಉಸಿರು ಬಿಟ್ಟೆ.

ಫೋನಿನ ಆ ತುದಿಯಿಂದ, ಮುಚ್ಚಿದ ಬಾಗಿಲಿನ ಹಿಂದಿನಿಂದ, ಒಂದು ಗಳಿಗೆ ತಡವಾಗಿ, ನನ್ನದೇ ದನಿ ಕೇಳಿಸಿತು... "ಸದ್ಯ!"

ಬೆಳಗಿನ ಜಾವಕ್ಕೆ ಮೊದಲೇ ಕುರಿಚಿಯ ಬೀರು ಸತ್ತಿತು. ಫ್ಯಾನುಗಳು ಒಂದು ಸಲ ಜೋರಾಗಿ ಕಿರುಚಿ ನಿಂತವು. ಏನು ಮಾಡಿದರೂ ಏಳಲಿಲ್ಲ.

ಬೆಳಕು ಹರಿಯುತ್ತಲೇ ಕಾರು ಹಿಡಿದು ಧಾರಾಪುರಕ್ಕೆ ಹೋದೆ. ದೇವರಾಜಣ್ಣ ಆ ಬಾಗಿಲಿನ ಎದುರು ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಫೋನ್ ಇಟ್ಟ ಮೇಲೂ ಅಲ್ಲಿಂದ ಕದಲಿರಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾರೂ ಹೊರಗೆ ಬರಲಿಲ್ಲೀಂಗ," ಎಂದಷ್ಟೇ ಹೇಳಿ ಬೀಗ ತೆಗೆದರು.

ಕೋಣೆ ಖಾಲಿ. ಮೈನು ಆಫ್ ಆಗಿಯೇ ಇತ್ತು, ಬ್ಯಾಟರಿಯ ವೈರುಗಳು ಕಳಚಿದಂತೆಯೇ ನೇತಾಡುತ್ತಿದ್ದವು. ಅವರು ಕರ್ಪೂರ ಹಚ್ಚಿ, ಆರತಿ ಎತ್ತಿ, ಕಣ್ಣಿಗೊತ್ತಿಕೊಂಡು ಸ್ವಿಚ್ಚು ಹಾಕಿದರು. ಬೀರು ಎದ್ದಿತು. ಎಲ್ಲವೂ ಇತ್ತು! ವಾರದ ಅಷ್ಟೂ ಕೆಲಸ, ರಾತ್ರಿ ಒಂದು ಗಂಟೆಯವರೆಗಿನದು, ಒಂದು ಗೆರೆಯೂ ತಪ್ಪಿರಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕುಸಿದು ಮಗುವಿನ ಹಾಗೆ ಅತ್ತುಬಿಟ್ಟೆ.

ಕಣ್ಣೊರೆಸಿಕೊಂಡು ತಲೆ ಎತ್ತಿದಾಗ ಬೀರುವಿನ ಬಾಗಿಲು ಕಂಡಿತು. ಸಂಜೆ ದೇವರಾಜಣ್ಣ ಇಟ್ಟಿದ್ದ ಗಂಧ ಕುಂಕುಮವನ್ನು ಯಾರೋ ಮೂರು ಬೆರಳಲ್ಲಿ ಒರೆಸಿದ್ದರು. ನಡುವಿನ ಗೆರೆಯಲ್ಲಿ ಸಣ್ಣ ಬಲೆಯಂಥ ಗುರುತು.

ಅವರು ಅದನ್ನು ನೋಡಿದರು. ಆಮೇಲೆ ನನ್ನ ನಡುಬೆರಳನ್ನು ನೋಡಿದರು.

ಕಂಪನಿಯಲ್ಲಿ ನನಗೆ ಶಾಲು ಹೊದಿಸಿದರು. ಯಂತ್ರ ಮಾರಿದವರು ಬಂದು ನೋಡಿ, ಎಲ್ಲೋ ಕರೆಂಟು ಹರಿದಿರಬೇಕು ಮೇಡಂ ಎಂದು ತಲೆ ಕೆರೆದುಕೊಂಡು ಹೋದರು. ನಾನೂ ಹಾಗೇ ಅಂದುಕೊಳ್ಳಲು ಬಹಳ ಪ್ರಯತ್ನಪಟ್ಟೆ. ಈ ವರ್ಷದ ಆಯುಧ ಪೂಜೆಯ ರಾತ್ರಿ ಮಾತ್ರ ಷೆಡ್ಯೂಲನ್ನು ನನ್ನ ಕೈಯಾರೆ ನಿಲ್ಲಿಸಿದೆ, ಮ್ಯಾನೇಜರ್ ಕೇಳಿದಾಗ ಹಬ್ಬ ಸಾರ್ ಎಂದೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲವೇನೋ.

ಹೋದ ತಿಂಗಳು ನನಗೆ ಡೆಂಗಿ ಜ್ವರ ಬಂತು. ಎರಡು ದಿನ ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರವೇ ಇರಲಿಲ್ಲ. ಡಾಕ್ಟರು ಕೈಚೆಲ್ಲಿಬಿಡುವ ಹಾಗಿದ್ದರಂತೆ. ಚೇತರಿಸಿಕೊಂಡು ಮನೆಗೆ ಬಂದ ಮೇಲೆ ದೇವರಾಜಣ್ಣ ಫೋನ್ ಮಾಡಿದರು.

"ಯಾಕುಂಗ ಅಮ್ಮಣಿ, ಹೇಳದೆ ಕೇಳದೆ ಬಂದು ಹೋದ್ರಿ?"

"ನಾನು ಎಲ್ಲಿಗೆ ಬಂದೆ ಅಣ್ಣ? ಆಸ್ಪತ್ರೆಯಲ್ಲಿದ್ದೆ."

"ಎರಡು ದಿನವೂ ಇಲ್ಲೇ ಇದ್ರಲ್ಲಾ," ಎಂದರು ಮೆಲ್ಲಗೆ. "ಬಾಗಿಲ ಗಾಜಿನಾಗೆ ನೋಡಿದೆ. ಬೀರು ಮುಂದೆ ಕೂತು ಕೆಲಸ ಮಾಡ್ತಾ ಇದ್ರಿ. ಕೂಗಿದ್ರೆ ತಿರುಗಲಿಲ್ಲ."

ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ.

"ಆ ಬೆರಳಿನ ಗಾಯ ಇನ್ನೂ ವಾಸಿ ಆಗಲಿಲ್ಲವಾ ಅಮ್ಮಣಿ? ಪಟ್ಟಿ ಹಾಂಗೇ ಇತ್ತುಂಗ."

ನಾನು ಕೈ ಎತ್ತಿ ನೋಡಿಕೊಂಡೆ. ನನ್ನ ಬೆರಳು ವಾಸಿಯಾಗಿ ಎಷ್ಟೋ ಕಾಲವಾಗಿದೆ.