ಬದುವಿನೊಳಗೆ ಕುಳಿತವರು ಯಾರು?

ನಿಮ್ಮ ಹೊಲದ ಬದುವನ್ನು ಪಕ್ಕದವನ ತಲೆಗೆ ಕಟ್ಟಲು ಎಂದಾದರೂ ನೋಡಿದ್ದೀರಾ? ನನ್ನ ಸೋದರಮಾವ ಬಸಣ್ಣ ಕಳೆದ ವಾರ ಅದನ್ನೇ ಮಾಡಿದರು.

ನಿಲಂಗಾದ ಹತ್ತಿರ ಅವರ ಹೊಲ. ಪಕ್ಕದ್ದು ಗುರಪ್ಪನವರದು. ನಡುವಿನ ಬದು ಯಾರದೆಂದು ಜಗಳವಾಡುತ್ತಲೇ ಇಬ್ಬರೂ ಮುದುಕರಾಗಿದ್ದಾರೆ. ಕಳೆದ ವಾರದ ಮಳೆಗೆ ಆ ಬದು ಕುಸಿಯಿತು. ಒಳಗೆ ಅಸ್ಥಿಪಂಜರ! ಅದೂ ಕಾಲು ಮಡಚಿ ಕುಳಿತದ್ದು.

ಉದಗೀರಿನಿಂದ ನಿಜಾಮ ಸರಕಾರದ ಪೊಲೀಸ್ ಅಮೀನ್ ಸಾಹೇಬರು ಬಂದರು. ಹೈದರಾಬಾದಿನವರು, ಈ ಸೀಮೆಗೆ ಹೊಸಬರು. ಅವರು ಕಂಡ ಗೋರಿಗಳಲ್ಲಿ ಎಲ್ಲರೂ ಮಲಗಿದವರೇ. (ಅವರ ತಪ್ಪೇನಿದೆ?) ಒಮ್ಮೆ ಬಗ್ಗಿ ನೋಡಿ ಕೇಸು ತೀರ್ಮಾನಿಸಿಬಿಟ್ಟರು.

"ಮಡಚಿ ತುರುಕ್ಯಾರ. ಖೂನ್ ಹೈ ಯೇ! ಈ ಜಾಗಾ ಯಾರದು?"

"ಗುರಪ್ಪಂದ್ರೀ ಹುಜೂರ್," ಎಂದರು ಮಾವ.

"ಛೇ ಛೇ, ಬಸಣ್ಣಂದು! ಮೊದ್ಲಿಂದ ಅಂವಂದೇ ಅದ," ಎಂದರು ಗುರಪ್ಪ.

ಅಬ್ಬಾ, ಎಂಥ ಔದಾರ್ಯ! ನನಗೆ ನಗು ಬಂತು. ಆದರೆ ಖೂನಿನ ಮಾತು ಕೇಳಿ ಹೆದರಿಕೆಯೂ ಆಯಿತು.

ಮಾವನ ಹೆಂಡತಿ ಸಂಗಮ್ಮತ್ತೆಗೆ ತಡೆಯಲಾಗಲಿಲ್ಲ. "ಎಲ್ಲಿ ಖೂನಿ ರೀ ಸಾಹೇಬ್ರ? ನಾವು ಲಿಂಗವಂತರು. ನಮ್ಮವ್ರು ಕುಂತೇ ಮಣ್ಣಾಗ ಹೋಗ್ತಾರ. ಎಡಗೈಯಾಗ ಲಿಂಗ ಇರ್ತದ, ನೋಡ್ರಿ."

ಪ್ರೂಫ್ ಬೇಕಲ್ಲ! ಸಾಹೇಬರು ತಾವೇ ಕುಣಿಗಿಳಿದು, ಕರವಸ್ತ್ರದಿಂದ ಒಂದೊಂದೇ ಎಲುಬಿನ ಮಣ್ಣು ಒರೆಸಿದರು. ಎಡಗೈ ಬೆರಳುಗಳ ನಡುವೆ ಕರ್ರಗಿನ ಲಿಂಗ. ಅವರು ಮೇಲೆ ಬಂದು ಬೂಟು ಬಿಚ್ಚಿ ನಿಂತರು. ಆ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆಗಲೇ.

ಖೂನಿನ ಭಯ ಹೋದದ್ದೇ ತಡ, ಮಾವ ಕೂಗಿದರು: "ಇಂವಾ ನಮ್ಮ ಮುತ್ಯಾನ ಮುತ್ಯಾ!"

"ಸುಳ್ಳ! ನಮ್ಮ ಮುತ್ಯಾನ ಮುತ್ಯಾ!" ಎಂದರು ಗುರಪ್ಪ.

ಯಾಕೆ ಹೇಳಿ? ನಮ್ಮಲ್ಲಿ ಹಿರಿಯರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು ರೂಢಿ. ಅಜ್ಜ ಯಾರವನೋ ಬದು ಅವರದು! ಅರ್ಧ ಗಂಟೆ ಹಿಂದೆ ಯಾರಿಗೂ ಬೇಡವಾಗಿದ್ದವನಿಗೆ ಈಗ ಎರಡು ಮನೆತನ. ನನಗೆ ಅವನ ಬಗ್ಗೆ ನಿಜಕ್ಕೂ ಪಾಪ ಅನಿಸಿತು.

ಮತ್ತೆ ಮಣ್ಣು ಮಾಡಲು ಊರಿನ ಜಂಗಮ ಅಯ್ಯನವರು ಬಂದರು. ವಿಭೂತಿ ಹಿಡಿದು ಕೇಳಿದರು: "ಹೆಸರೇನ್ರಿ ಇವರದು?"

ಮಾವ ಗುರಪ್ಪನ ಮುಖ ನೋಡಿದರು. ಗುರಪ್ಪ ಮಾವನ ಮುಖ ನೋಡಿದರು. ಸಾಹೇಬರು ಇಬ್ಬರ ಮುಖವನ್ನೂ ನೋಡಿದರು.

"ಹಂಗಾದ್ರ ಬದು ಕುಂತಾವಂದೇ," ಎಂದಳು ಅತ್ತೆ. "ನೀವಿಬ್ರೂ ಹಿಂದ ಸರೀರಿ."

ಇಬ್ಬರೂ ಸರಿದರು. ನಾನು ಮನೆಗೆ ಬಂದು, ನನ್ನ ಅಜ್ಜನ ಅಜ್ಜನ ಹೆಸರೇನೆಂದು ನೆನೆಯುತ್ತ ಕೂತೆ. ಇನ್ನೂ ಕೂತೇ ಇದ್ದೇನೆ. ನಿಮಗಾದರೂ ನಿಮ್ಮವನ ಹೆಸರು ನೆನಪಿದೆಯೇ?