ಅಕ್ಕನ ಲಂಗಕ್ಕೆ ಹಾಕಿದ ಗಂಟು

ಬರೆಯುವುದು ನನಗೆ ಒಗ್ಗದ ಕೆಲಸ. ಸೊಸೆ ಫೋನು ಕೈಗಿಟ್ಟು "ಅತ್ತೆ, ಗ್ರೂಪಿಗೆ ನೀವೇ ಬರೀರಿ" ಎಂದು ಕೂರಿಸಿದ್ದಾಳೆ. ನನಗೆ ಕೂರುವುದೇ ಕಷ್ಟ.

ಬೆಳಿಗ್ಗೆ ಮೊಮ್ಮಗಳು ಅರ್ಧ ಲೆಕ್ಕ ಬಿಟ್ಟು ಎದ್ದು ಅಂಗಳ ಸುತ್ತಿ ಬಂದಳು. ಯಾರೂ ಬೈಯಲಿಲ್ಲ. ಡಾಕ್ಟರು ಈ ಕೂರಲಾಗದ ಚಡಪಡಿಕೆಗೆ ಎಡಿಎಚ್‌ಡಿ ಎಂದು ಹೆಸರು ಹೇಳಿ, ನಡುನಡುವೆ ಓಡಾಡಲು ಬಿಡಿ ಎಂದಿದ್ದಾರಂತೆ. ನನಗೆ ಹೊಟ್ಟೆ ಉರಿಯಿತು, ಸ್ವಂತ ಮೊಮ್ಮಗಳ ಮೇಲೆ.

ಜಗಳೂರಿನ ನಮ್ಮ ಮನೆಯಲ್ಲಿ ಬಿತ್ತನೆಗೆ ಶೇಂಗಾ ಸುಲಿಯುವಾಗ, ನಾನು ಏಳಬಾರದೆಂದು ಅವ್ವ ನನ್ನ ಲಂಗದ ಅಂಚನ್ನು ಅಕ್ಕನ ಲಂಗಕ್ಕೆ ಗಂಟು ಹಾಕುತ್ತಿದ್ದಳು. ಅಕ್ಕ ಕೂತರೆ ಕೂತಳು. ಅವಳ ಮೊರದ ತುಂಬ ಕೆಂಪು ಬೀಜ, ನನ್ನದರಲ್ಲಿ ಬರೀ ಸಿಪ್ಪೆ. ಒಂದು ದಿನ ಬಳೆಗಾರನ ಕೂಗು ಕೇಳಿ ಎದ್ದು ಓಡಿದೆ. ಅಕ್ಕನ ಲಂಗ ಪರ್ರನೆ ಹರಿಯಿತು, ಬೀಜವೆಲ್ಲ ಮಣ್ಣಿಗೆ ಚೆಲ್ಲಿತು.

"ನಿನ್ನ ಕುಂಡ್ಯಾಗೆ ಇರುವೆ ಐತೇನೆ?" ಎಂದಳು ಅವ್ವ.

"ನಾಳೆ ಇವಳನ್ನ ಒಳಕಲ್ಲಿಗೆ ಕಟ್ಟವ್ವ" ಎಂದಳು ಅಕ್ಕ.

ಅಪ್ಪ ತಲೆಯನ್ನೂ ಎತ್ತಲಿಲ್ಲ. "ಕುಂದ್ರಾಕೆ ಬರದವಳಿಗೆ ಸಾಲಿ ಯಾಕೆ? ಎಮ್ಮೆ ಹಿಂದೆ ಹೋಗ್ಲಿ."

ಅಲ್ಲಿಗೆ ನನ್ನ ಶಾಲೆ ಮುಗಿಯಿತು. ಅಕ್ಕನಿಗೆ ಹೊಸ ಲಂಗ ಬಂತು, ಮುಂದೆ ಮೇಷ್ಟ್ರ ಕೆಲಸವೂ ಬಂತು.

ಅದೇ ಅಕ್ಕ ಇವತ್ತು ನಮ್ಮ ಮನೆಗೆ ಬಂದು, ಮೊಮ್ಮಗಳ ತಲೆ ಸವರಿ, "ಪಾಪ, ಮಗೀಗೆ ಏನೂ ಅನ್ನಬ್ಯಾಡ್ರಿ" ಎಂದಳು. ನನಗಾಗಿ ಆ ಮಾತು ಅವಳ ಬಾಯಿಂದ ಒಂದು ದಿನವೂ ಬರಲಿಲ್ಲ.

ಸೋಮವಾರ ಮೊಮ್ಮಗಳನ್ನು ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಅಂಥ ಡಾಕ್ಟರು ತಲೆ ನರೆತವರನ್ನೂ ನೋಡುತ್ತಾರೋ ಇಲ್ಲವೋ? ಗೊತ್ತಿದ್ದವರು ಭಾನುವಾರದೊಳಗೆ ಹೇಳಿ.